ರೋಗಿಯ ಮಾತು, ವೈದ್ಯನ ಮಾತು

ರೋಗಿಯನ್ನು ಪರೀಕ್ಷಿಸುವುದಕ್ಕೆ ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಮಾರ್ಗಗಳನ್ನು ನಮ್ಮ ಆಯುರ್ವೇದಾಚಾರ್ಯರು ಹೇಳಿರುವರು. ಕಣ್ಣಿನಿಂದ ನೋಡುವುದು, ಕೈಯಿಂದ ಮುಟ್ಟುವುದು, ಬಾಯಿಬಿಟ್ಟು ಕೇಳುವುದು ಎಂದು ಇದರ ಅರ್ಥ. ಇವುಗಳಲ್ಲಿ ಮೊದಲಿನ ಎರಡು ವೈದ್ಯನ ಸ್ವಾಧೀನದಲ್ಲಿರತಕ್ಕವು. ಮೂರನೆಯದರಲ್ಲಿ ಮಾತ್ರ ಅವನು ಇನ್ನೊಬ್ಬನ ಮಾತನ್ನು ನಿರೀಕ್ಷಿಸಿಕೊಂಡು ಕುಳಿತಿರಬೇಕಾಗುತ್ತದೆ. ಪ್ರಶ್ನೆ ವೈದ್ಯನದು, ಉತ್ತರ ರೋಗಿಯದು. ಆ ಉತ್ತರವು ಯಾವ ಮಾತುಗಳಲ್ಲಿ ಬರುತ್ತದೆ, ಕೇಳಿದವನು ಅದನ್ನು ಯಾವ ಮಾತುಗಳಲ್ಲಿ ಬರೆದಿಡುತ್ತಾನೆ, ಇವೆರಡರ ನಡುವೆ ಸೋರಿಹೋಗುವುದೇನು ಎಂಬುದು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಸಣ್ಣ ವಿಷಯವಲ್ಲ. ಎಷ್ಟೋ ಪ್ರಾಣಗಳು ಆ ಸೋರಿಕೆಯಲ್ಲಿ ಹೋಗಿವೆ. ಈ ವಿಷಯವನ್ನು ಮುಖ್ಯವಾಗಿ ಒಂದೇ ರೋಗದ ಕಥೆಯನ್ನು ಹಿಡಿದು ಇಲ್ಲಿ ವಿವರಿಸಬೇಕೆಂದಿರುವೆನು.

ಉತ್ತರ ಕೊಡಲಾರದ ರೋಗಿಗಳೂ ಉಂಟಷ್ಟೆ. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಚಾಳುಕ್ಯ ರಾಜವಂಶದ ಕೀರ್ತಿವರ್ಮನು ಕನ್ನಡದಲ್ಲಿ ‘ಗೋವೈದ್ಯ’ವೆಂಬ ಗ್ರಂಥವನ್ನು ರಚಿಸಿದನು. ದನಕರುಗಳಿಗೆ ಮದ್ದು ಮಾಡುವವನಿಗೆ ಪ್ರಶ್ನಮಾರ್ಗವು ಮುಚ್ಚಿಯೇ ಹೋಗಿರುತ್ತದೆ. ಹಸು ಮೇವು ಬಿಟ್ಟಿತೇ, ಮೆಲುಕು ಹಾಕುತ್ತಿದೆಯೇ, ಕಿವಿ ತಣ್ಣಗಿದೆಯೇ, ಮೈ ಮುಟ್ಟಿದರೆ ಬೆದರುತ್ತದೆಯೇ ಎಂಬುದನ್ನು ನೋಡಿ ಮುಟ್ಟಿ ತಿಳಿಯುವುದೊಂದೇ ಅವನಿಗಿರುವ ಉಪಾಯ. ಕಳೆದ ಇನ್ನೂರು ವರ್ಷಗಳಲ್ಲಿ ಮನುಷ್ಯರ ವೈದ್ಯನೂ ಅನೇಕ ವೇಳೆ ಈ ಗೋವೈದ್ಯನ ಹಾದಿಯನ್ನೇ ಹಿಡಿದನೆಂದರೆ ಮಾತು ಕಟುವಾಯಿತೆಂದು ವಾಚಕರು ಭಾವಿಸಬಾರದು. ಹಾಗೆ ಹಿಡಿಯುವುದಕ್ಕೆ ಅವನಿಗೆ ಪ್ರಬಲವಾದ ಕಾರಣಗಳೂ ಇದ್ದುವು. ಅವು ಮುಂದೆ ತಿಳಿದುಬರುವುವು.

ಪೂರ್ವಕಾಲದಲ್ಲಿ ರೋಗಿಯ ಮಾತಿಗೂ ವೈದ್ಯನ ಮಾತಿಗೂ ಇಷ್ಟು ದೂರವಿರಲಿಲ್ಲ. ಶೂಲವೆಂಬ ಶಬ್ದವನ್ನೇ ನೋಡಬಹುದು. ಗೂಟ ಬಡಿದಂತೆ ನೋಯುವುದರಿಂದ ಅದಕ್ಕೆ ಶೂಲವೆಂದು ಹೆಸರಾಯಿತೆಂಬುದು ಸುಶ್ರುತಸಂಹಿತೆಯ ಅಭಿಪ್ರಾಯ. ಇದು ರೋಗಿಯ ಉಪಮಾನವೇ ಹೊರತು ವೈದ್ಯನ ಕಣ್ಣಿಗೆ ಕಂಡ ವಸ್ತುವಲ್ಲ. ತೋದವೆಂದರೆ ಚುಚ್ಚುವುದು, ಭೇದವೆಂದರೆ ಸೀಳುವುದು, ದಾಹವೆಂದರೆ ಉರಿ, ಸುಪ್ತಿಯೆಂದರೆ ಜೋಮು. ಸಭೆ ಸಮಾರಂಭಗಳಲ್ಲಿ ನಾವು ಒಬ್ಬರಿಗೊಬ್ಬರು ಸಲ್ಲಿಸುವ ಗೌರವವು ವೈದ್ಯಗ್ರಂಥದಲ್ಲಿ ಮೈಭಾರವೆಂಬ ಒಂದು ವ್ಯಾಧಿಲಕ್ಷಣ! ವಾತದಿಂದ ಹುಟ್ಟುವ ವಿಕಾರಗಳು ಎಂಬತ್ತೆಂದು ಚರಕಸಂಹಿತೆಯು ಎಣಿಸುತ್ತದೆ. ಆ ಪಟ್ಟಿಯನ್ನು ಓದುತ್ತ ಹೋದರೆ ಹಾಸಿಗೆಯ ಮೇಲೆ ಮಲಗಿದವರ ನರಳಿಕೆಯನ್ನೇ ಯಾರೋ ಕುಳಿತು ಸಂಸ್ಕೃತಕ್ಕೆ ತಿರುಗಿಸಿದಂತೆ ತೋರುತ್ತದೆ. ಗ್ರೀಕರ ವೈದ್ಯವೂ ಹದಿನೆಂಟನೆಯ ಶತಮಾನದವರೆಗಿನ ಯೂರೋಪಿನ ವೈದ್ಯವೂ ಬಹುಮಟ್ಟಿಗೆ ಹೀಗೆಯೇ ಇದ್ದುವು. ಅನುಕೂಲಸ್ಥರಾದ ರೋಗಿಗಳು ದೂರದ ವೈದ್ಯರಿಗೆ ಕಾಗದ ಬರೆದು ತಮ್ಮ ಬಾಧೆಯನ್ನು ವರ್ಣಿಸುವುದು, ವೈದ್ಯರು ಅವರನ್ನು ಕಣ್ಣಿನಿಂದ ಕಾಣದೆಯೇ ಔಷಧವನ್ನು ಬರೆದು ಕಳುಹಿಸುವುದು ಅಲ್ಲಿ ಸಾಮಾನ್ಯವಾಗಿತ್ತು. ವೈದ್ಯನಿಗಿದ್ದ ಆಧಾರವೆಂದರೆ ರೋಗಿಯ ಮಾತೇ.

ಇಂತಹ ಕಾಲದಲ್ಲಿ ಲಂಡನ್ ನಗರದಲ್ಲಿ ವಿಲಿಯಂ ಹೆಬರ್ಡೆನ್ ಎಂಬ ವೈದ್ಯರಿದ್ದರು. ೧೭೧೦ರಲ್ಲಿ ಹುಟ್ಟಿ ೧೮೦೧ರವರೆಗೆ ಬಾಳಿದ ದೀರ್ಘಾಯುಷಿ. ರೋಗಿಯ ಮಗ್ಗುಲಲ್ಲಿಯೇ ಕುಳಿತು, ಅವನು ಹೇಳಿದುದನ್ನು ಆಗಿಂದಾಗಲೇ ಬರೆದುಕೊಳ್ಳುವುದು ಇವರ ಜೀವಮಾನದ ಪದ್ಧತಿ. ೧೭೬೮ನೆಯ ಇಸವಿ ಜುಲೈ ೨೧ರಂದು ಅಲ್ಲಿಯ ವೈದ್ಯರ ವಿದ್ಯಾಪೀಠದಲ್ಲಿ ಇವರು ಎದೆಯ ಒಂದು ವ್ಯಾಧಿಯ ವಿಚಾರವಾಗಿ ಲೇಖನವೊಂದನ್ನು ಓದಿದರು. ನಡೆಯುವಾಗ, ವಿಶೇಷವಾಗಿ ಏರನ್ನು ಹತ್ತುವಾಗ, ಅದರಲ್ಲಿಯೂ ಊಟವಾದ ಮೇಲೆ, ಎದೆಯಲ್ಲಿ ಒಂದು ಅಸಹ್ಯವಾದ ವೇದನೆ ಹುಟ್ಟುತ್ತದೆ, ಅದು ಇನ್ನು ಸ್ವಲ್ಪ ಹೆಚ್ಚಿದರೂ ಇನ್ನು ಸ್ವಲ್ಪ ಹೊತ್ತು ನಿಂತರೂ ಪ್ರಾಣವೇ ಹೋದೀತೆಂದು ತೋರುತ್ತದೆ, ನಿಂತೊಡನೆಯೇ ಮಾಯವಾಗುತ್ತದೆ. ಇದಕ್ಕೆ ಹೆಸರಿಡುವಾಗ ಅವರು ಶರೀರದ ಯಾವ ಅಂಗವನ್ನೂ ದೂಷಿಸಲಿಲ್ಲ. ರೋಗಿಗಳು ಕುತ್ತಿಗೆ ಹಿಚುಕಿದಂತಾಗುತ್ತದೆಂದು ಹೇಳುತ್ತಿದ್ದುದನ್ನೇ ಹಿಡಿದು, ಲ್ಯಾಟಿನ್ ಭಾಷೆಯಲ್ಲಿ ಉಸಿರು ಕಟ್ಟಿಸುವ ಗಂಟಲಬೇನೆಗೆ ಸಲ್ಲುತ್ತಿದ್ದ ಶಬ್ದವನ್ನು ತೆಗೆದುಕೊಂಡು, ಎದೆಯ ಆಂಜೈನಾ ಎಂದು ಕರೆದರು. ಇಂದಿಗೂ ಆ ರೋಗಕ್ಕೆ ಅದೇ ಹೆಸರು. ಹೃದಯವು ಕೆಟ್ಟಿದೆಯೆಂಬ ಸೂಚನೆ ಆ ಹೆಸರಿನಲ್ಲಿ ಇಲ್ಲವೇ ಇಲ್ಲ. ಹೆಬರ್ಡೆನ್ನರಿಗೆ ಕಾರಣ ತಿಳಿದಿರಲಿಲ್ಲ, ತಿಳಿದಂತೆ ನಟಿಸಲೂ ಇಲ್ಲ. ನಾಡಿಯು ಕೆಡದಿರುವುದರಿಂದ ಇದು ಸೆಳೆತದ ಜಾತಿಯದಾಗಿರಬಹುದೆಂದು ಮಾತ್ರ ಊಹಿಸಿದರು. ಪ್ರತಿದಿನವೂ ಅರ್ಧ ಗಂಟೆ ಮರ ಕೊಯ್ಯುವ ಕೆಲಸವನ್ನು ಹಚ್ಚಿಕೊಂಡು ಹೆಚ್ಚುಕಡಿಮೆ ಗುಣಹೊಂದಿದ ಒಬ್ಬ ರೋಗಿಯನ್ನು ಕಂಡುದಾಗಿಯೂ ಅವರು ಹೇಳಿರುತ್ತಾರೆ.

ಈ ಲೇಖನವು ೧೭೭೨ರಲ್ಲಿ ಅಚ್ಚಾಯಿತು. ಅದರ ಸಾರಾಂಶವು ಒಂದು ವಿಮರ್ಶೆಯ ಪತ್ರಿಕೆಯಲ್ಲಿ ಬಂದಿತು. ಅದನ್ನು ಓದಿದ ಗೃಹಸ್ಥನೊಬ್ಬನು, ಇದು ತನ್ನ ಬಾಧೆಯೇ ಸರಿಯೆಂದು ಗುರುತಿಸಿ, ತನ್ನ ಹೆಸರನ್ನು ಮರೆಮಾಡಿ, ಅದೇ ವರ್ಷ ಏಪ್ರಿಲ್ ತಿಂಗಳಲ್ಲಿ ಹೆಬರ್ಡೆನ್ನರಿಗೆ ಕಾಗದ ಬರೆದನು. ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಇದಕ್ಕೆ ಸಮನಾದ ಪತ್ರಗಳು ಬಹಳ ಕಡಿಮೆಯೆಂದು ನನ್ನ ಅಭಿಪ್ರಾಯ. ಆತನಿಗೆ ಆಗ ಐವತ್ತೆರಡನೆಯ ವಯಸ್ಸು. ಐದಾರು ವರ್ಷಗಳಿಂದ ಈ ಬಾಧೆ. ನಡೆಯುವಾಗ ಬರುವುದು, ಅದೂ ಊಟವಾದ ಮೇಲೆ ಅಥವಾ ಸಂಜೆ. ಬೆಳಗ್ಗೆ ಒಂದು ದಿನವಾದರೂ ಬಂದುದಿಲ್ಲ. ಎಡತೋಳಿನಲ್ಲಿ ಮೊಣಕೈಗಿಂತ ಸ್ವಲ್ಪ ಮೇಲೆ ನೋವು ಮೊದಲಾಗಿ ಅರ್ಧ ನಿಮಿಷದಲ್ಲಿ ಎದೆಯ ಎಡಭಾಗಕ್ಕೆ ಹರಡುತ್ತದೆ. ಸ್ವಲ್ಪ ತಲೆ ತಿರುಗಿದಂತೆಯೋ ಉಸಿರು ಮಂದವಾದಂತೆಯೋ ಆಗುತ್ತದೆ, ಹಾಗೆಂದು ತನಗೆ ತೋರುತ್ತದೆ ಎಂದು ಬರೆಯುತ್ತಾನೆ. ಈ ‘ತೋರುತ್ತದೆ’ ಎಂಬುದನ್ನು ವಾಚಕರು ಗಮನಿಸಬೇಕು. ತನ್ನ ಉಸಿರಿನ ವಿಷಯದಲ್ಲಿಯೂ ತಾನೇ ಸಾಕ್ಷಿಯೆಂದು ಗಟ್ಟಿಯಾಗಿ ಹೇಳುವುದಕ್ಕೆ ಆ ಮನುಷ್ಯನು ಸಂಕೋಚಪಟ್ಟನು. ವೈದ್ಯರ ಮುಂದೆ ಕುಳಿತಾಗ ಈ ಸಂಕೋಚವು ನಮ್ಮಲ್ಲಿ ಯಾರಿಗೆ ಬರುವುದಿಲ್ಲ?

ಹೆಬರ್ಡೆನ್ನರ ಲೇಖನದಲ್ಲಿ ಇಲ್ಲದ ಇನ್ನೊಂದು ಅನುಭವವನ್ನೂ ಆತನು ವರ್ಣಿಸಿರುವನು. ಕುಳಿತಿರುವಾಗ, ನಿಂತಿರುವಾಗ, ಕೆಲವೊಮ್ಮೆ ಮಲಗಿರುವಾಗಲೂ, ತನ್ನೊಳಗೆ ಪ್ರಕೃತಿಯ ವ್ಯಾಪಾರವೆಲ್ಲವೂ ಮೂರು ನಾಲ್ಕು ಕ್ಷಣಗಳ ಕಾಲ ನಿಂತುಹೋದಂತೆ ಆಗುವುದಂತೆ. ಅದು ಪುನಃ ಹೊರಟಾಗ ಗುಂಡಿಗೆಗೆ ಒಂದು ಪೆಟ್ಟು ಬೀಳುವುದಂತೆ. ಆ ಪೆಟ್ಟು ಎಂತಹದು? ಸಣ್ಣ ತೂಕದ ಕಲ್ಲೊಂದನ್ನು ದಾರದಿಂದ ಮೈಗೆ ಕಟ್ಟಿಕೊಂಡು, ಅದು ಮೇಜಿನಿಂದ ಜಾರಿ ನೆಲವನ್ನು ಮುಟ್ಟುವುದಕ್ಕೆ ಕೆಲವೇ ಅಂಗುಲಗಳಿರುವಾಗ ತಟ್ಟನೆ ನಿಂತರೆ ಹೇಗೆ ಜಗ್ಗುವುದೋ ಹಾಗೆ! ಯಾವ ವೈದ್ಯನಿಗೂ ಈ ಉಪಮೆಯು ಹೊಳೆಯುತ್ತಿರಲಿಲ್ಲ. ಏಕೆಂದರೆ ಆ ಪೆಟ್ಟನ್ನು ತಿಂದವನು ಅವನಲ್ಲ. ಕೊನೆಗೆ ಆತನು, ತಾನು ಈ ರೋಗದಿಂದ ಹಠಾತ್ತಾಗಿ ಸತ್ತಲ್ಲಿ ವೈದ್ಯರಿಗೆ ತಿಳಿಸತಕ್ಕದ್ದೆಂದೂ, ಅವರು ತನ್ನ ಶರೀರವನ್ನು ಕೊಯ್ದು ಕಾರಣವನ್ನು ಹುಡುಕಬಹುದೆಂದೂ ಏರ್ಪಾಡು ಮಾಡಿಟ್ಟಿರುವುದಾಗಿ ತಿಳಿಸಿದನು. ಮೂರು ವಾರಗಳು ತುಂಬುವುದರೊಳಗಾಗಿಯೇ ಆತನು ಸತ್ತನು.

ಶವಪರೀಕ್ಷೆಯನ್ನು ಮಾಡಿದವರು ಆ ಕಾಲದ ಸುಪ್ರಸಿದ್ಧ ಶಸ್ತ್ರವೈದ್ಯರಾದ ಜಾನ್ ಹಂಟರರು. ಅಂದಿನ ಯೂರೋಪಿನಲ್ಲಿ ಅವರಷ್ಟು ಶವಗಳನ್ನು ಅಷ್ಟು ಎಚ್ಚರದಿಂದ ಕೊಯ್ದು ನೋಡಿದವರು ವಿರಳ. ಆದರೂ ಮರಣಕ್ಕೆ ಸ್ಪಷ್ಟವಾದ ಕಾರಣವು ಅವರಿಗೆ ದೊರೆಯಲಿಲ್ಲ. ಹೃದಯಕ್ಕೇ ರಕ್ತವನ್ನು ಒದಗಿಸುವ ಕಿರೀಟ ಧಮನಿಗಳನ್ನು ಅಂದು ಸೀಳಿ ನೋಡಿದಂತಿಲ್ಲ. ರೋಗಿಯ ಮಾತು ದಾರಿಯನ್ನು ಸರಿಯಾಗಿಯೇ ತೋರಿಸಿದ್ದಿತು. ವೈದ್ಯನ ಕಣ್ಣು ಇನ್ನೂ ಅಲ್ಲಿಗೆ ಮುಟ್ಟಿರಲಿಲ್ಲ.

ಮರುವರ್ಷ ೧೭೭೩ರ ವಸಂತದಲ್ಲಿ ಹಂಟರರಿಗೇ ಮೊದಲನೆಯ ಆಘಾತವಾಯಿತು. ಅವರು ನೋವನ್ನು ತೋರಿಸಿದ್ದು ಎದೆಯಲ್ಲಿ ಅಲ್ಲ, ಹೊಟ್ಟೆಯ ಕೆಳಬಾಯಿಯ ಹತ್ತಿರ. ಕನ್ನಡಿಯಲ್ಲಿ ನೋಡಿಕೊಂಡರೆ ತಮ್ಮ ಮುಖವು ಶವದ ಮುಖದಂತೆ ಬಿಳುಪೇರಿತ್ತು. ಮುಕ್ಕಾಲು ಗಂಟೆಯ ಕಾಲ ನಾಡಿಯು ಸಿಕ್ಕಲಿಲ್ಲ. ಶರೀರದ ಒಳಗನ್ನು ಅಷ್ಟು ಬಲ್ಲವರು ತಮ್ಮ ಶರೀರದ ಮಾತನ್ನು ಮಾತ್ರ ಹೊಟ್ಟೆಯ ಬಾಧೆಯೆಂದು, ಸಂಧಿವಾತದ ಉಪದ್ರವವೆಂದು ಓದಿಕೊಂಡರು. ಕೆಲವು ವರ್ಷಗಳ ಮೇಲೆ ಬಾತ್ ಎಂಬ ಊರಿಗೆ ಅವರು ಹವಾ ಬದಲಾವಣೆಗೆಂದು ಬಂದಾಗ, ಹಿಂದೆ ಅವರ ಮನೆಯಲ್ಲಿದ್ದು ಕಲಿತ ಶಿಷ್ಯರಾದ ಎಡ್ವರ್ಡ್ ಜೆನ್ನರರು ನೋಡಿ, ಇದು ಹೆಬರ್ಡೆನ್ನರು ಹೇಳಿದ ರೋಗವೇ ಎಂದು ಮನಸ್ಸಿನಲ್ಲಿ ನಿಶ್ಚಯಿಸಿದರು. ಮುಂದೆ ಸಿಡುಬಿಗೆ ದೇವಿ ಹಾಕುವ ವಿಧಾನವನ್ನು ಕಂಡುಹಿಡಿದು ಲೋಕಪ್ರಸಿದ್ಧರಾದವರು ಇವರೇ. ಇದೇ ರೋಗದಿಂದ ಸತ್ತ ಒಬ್ಬನ ಹೃದಯವನ್ನು ಜೆನ್ನರರು ಕೊಯ್ಯುತ್ತಿರುವಾಗ ಚಾಕುವಿಗೆ ಕರಕರನೆ ಏನೋ ಗಟ್ಟಿಯಾದುದು ತಗುಲಿತು. ಮನೆ ಹಳೆಯದು, ಮೇಲ್ಛಾವಣಿಯಿಂದ ಗಾರೆ ಉದುರಿರಬೇಕೆಂದು ತಲೆಯೆತ್ತಿ ನೋಡಿದರಂತೆ! ಆಮೇಲೆ ನೋಡಲಾಗಿ ಕಿರೀಟ ಧಮನಿಗಳೇ ಮೂಳೆಯ ಕೊಳವೆಗಳಂತೆ ಗಡುಸಾಗಿದ್ದುವು.

ಕಾರಣವು ಹೀಗೆ ಸಿಕ್ಕಿತು. ಆದರೆ ಜೆನ್ನರರು ಅದನ್ನು ಬಹಿರಂಗಪಡಿಸಲಿಲ್ಲ. ಪ್ರಕಟಿಸಿದರೆ ಹಂಟರರು ಓದಿ, ತಮ್ಮ ರೋಗವು ವಾಸಿಯಾಗತಕ್ಕದ್ದಲ್ಲವೆಂದು ತಿಳಿದು ಎದೆಗುಂದಿಯಾರೆಂಬ ಭಯ. ಅಲ್ಲಿಂದ ಮುಂದೆ ಆ ರೋಗದ ಅರ್ಥವು ವೈದ್ಯರ ಕಾಗದಪತ್ರಗಳಲ್ಲಿ ಉಳಿಯಿತು. ಅನುಭವಿಸುತ್ತಿದ್ದವರ ಕಿವಿಗೆ ಬೀಳಲಿಲ್ಲ. ೧೭೯೩ನೆಯ ಇಸವಿ ಅಕ್ಟೋಬರ್ ೧೬ರಂದು ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ನಡೆದ ಒಂದು ಸಭೆಯಲ್ಲಿ, ತಮ್ಮ ಮಾತಿಗೆ ಪ್ರತಿಮಾತು ಬಂದುದರಿಂದ ಕೋಪಗೊಂಡು, ಅದನ್ನು ನುಂಗಿಕೊಂಡು ಪಕ್ಕದ ಕೋಣೆಗೆ ಹೋದ ಹಂಟರರು ಅಲ್ಲಿಯೇ ಕುಸಿದು ಮೃತರಾದರು. ಕಿರೀಟ ಧಮನಿಗಳು ಜೆನ್ನರರು ಊಹಿಸಿದಂತೆಯೇ ಇದ್ದುವು. ಈ ಸಂಗತಿಗಳೆಲ್ಲವೂ ೧೭೯೯ರಲ್ಲಿ ಪ್ಯಾರಿ ಎಂಬ ವೈದ್ಯರ ಪುಸ್ತಕದ ಮೂಲಕ ಹೊರಬಿದ್ದುವು.

ಮುಂದಿನ ಶತಮಾನವು ಕಣ್ಣು ಕಿವಿಗಳ ಶತಮಾನ. ವಿಯೆನ್ನಾದಲ್ಲಿ ಔವನ್‌ಬ್ರುಗ್ಗರರು ಎದೆಯನ್ನು ಬೆರಳಿನಿಂದ ತಟ್ಟಿ ಒಳಗಿನ ನೀರನ್ನು ತಿಳಿಯುವ ಕ್ರಮವನ್ನು ೧೭೬೧ರಲ್ಲಿಯೇ ಪ್ರಕಟಿಸಿದ್ದರು. ಅವರು ಛತ್ರವನ್ನು ನಡೆಸುತ್ತಿದ್ದವರೊಬ್ಬರ ಮಗ. ಯಾರೂ ಅದನ್ನು ಲಕ್ಷಿಸಿರಲಿಲ್ಲ. ೧೮೦೮ರಲ್ಲಿ ಕೊರ್ವಿಸಾರರು ಫ್ರೆಂಚಿಗೆ ಭಾಷಾಂತರಿಸಿದ ಮೇಲೆ ಅದು ಬಳಕೆಗೆ ಬಂದಿತು. ೧೮೧೬ರಲ್ಲಿ ಪ್ಯಾರಿಸ್ಸಿನ ಲೆನೆಕ್ಕರು, ಹೃದ್ರೋಗದ ಸೂಚನೆಗಳಿದ್ದ ತರುಣಿಯೊಬ್ಬಳ ಎದೆಗೆ ಕಿವಿಗೊಡುವುದು ಉಚಿತವಲ್ಲವೆಂದು ಕಾಗದವನ್ನು ಸುರುಳಿ ಸುತ್ತಿ ಆ ಕೊಳವೆಯ ಮೂಲಕ ಕೇಳಿದರು. ಸ್ಟೆತಾಸ್ಕೋಪು ಹುಟ್ಟಿದುದು ಹೀಗೆ. ೧೮೧೯ರಲ್ಲಿ ಅವರ ಗ್ರಂಥವು ಹೊರಬಂದಿತು. ಎದೆಯೊಳಗಿನ ಗುರಗುರ ಶಬ್ದಕ್ಕೆ ಅವರು ಮೊದಲು ಇಟ್ಟ ಫ್ರೆಂಚ್ ಹೆಸರು ‘ರಾಲ್’ ಎಂದು. ಆದರೆ ಜನರ ಬಾಯಲ್ಲಿ ಆ ಮಾತಿಗೆ ಸಾಯುವವನ ಗಂಟಲಿನ ಗೊರಗೊರವೆಂದು ಅರ್ಥ. ರೋಗಿಯ ಮುಂದೆ ಶಿಷ್ಯರಿಗೆ ಅದನ್ನು ಉಚ್ಚರಿಸಿದರೆ ಅವನು ಹೆದರಿಯೇ ಸಾಯಬಹುದೆಂದು, ಹಾಸಿಗೆಯ ಹತ್ತಿರ ಬಳಸುವುದಕ್ಕೆ ‘ರಾಂಕಸ್’ ಎಂಬ ಲ್ಯಾಟಿನ್ ಶಬ್ದವನ್ನು ತಂದರು. ದಯೆಯಿಂದಲೇ ಮಾಡಿದ ಕೆಲಸ. ಆದರೆ ರೋಗಿಗೆ ಅರ್ಥವಾಗದಿರುವುದೇ ಒಂದು ಗುಣವೆಂದು ವೈದ್ಯನ ಭಾಷೆಯು ಆರಿಸಿಕೊಂಡುದಕ್ಕೆ ಇದಕ್ಕಿಂತ ನಿಚ್ಚಳವಾದ ಉದಾಹರಣೆಯು ನನಗೆ ತಿಳಿಯದು.

ಆ ಕೊಳವೆಯು ಕ್ಷಯದ ಬಗೆಗೆ ಹೇಳಿದ್ದನ್ನು ರೋಗಿಯು ಹೇಳಲಾರದವನಾಗಿದ್ದನು. ಅದನ್ನು ಅಲ್ಲಗಳೆಯುವುದು ಅನ್ಯಾಯ. ಲೀಪ್ಸಿಗ್ ನಗರದ ವುಂಡರ್ಲಿಖ್ಖರು ಸುಮಾರು ೨೫,೦೦೦ ರೋಗಿಗಳ ಮೈಬಿಸಿಯನ್ನು ಹತ್ತು ಲಕ್ಷಕ್ಕಿಂತ ಹೆಚ್ಚು ಸಲ ಅಳೆದು ೧೮೬೮ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಅಲ್ಲಿಯವರೆಗೆ ಜ್ವರವೆಂಬುದು ಒಂದು ಅನುಭವ. ಅಲ್ಲಿಂದ ಮುಂದೆ ಅದು ಒಂದು ಅಂಕಿ. ನಮ್ಮ ಮನೆಗಳಲ್ಲಿ ‘ಒಳಜ್ವರ’ವೆಂಬ ಮಾತು ಇನ್ನೂ ಉಳಿದಿದೆಯಷ್ಟೆ. ಮೈ ಕೈ ಬಿಸಿಬಿಸಿ, ನಾಲಗೆಗೆ ಕಹಿ, ಕೀಲುಕೀಲಿನಲ್ಲಿ ಸೆಳೆತ. ಥರ್ಮಾಮೀಟರಿಟ್ಟರೆ ಏನೂ ಇಲ್ಲ. ವೈದ್ಯರು ಜ್ವರವಿಲ್ಲವೆಂದು ಹೇಳುತ್ತಾರೆ, ಅವರ ಪಾಲಿಗೆ ಅದು ಸತ್ಯ. ಮುದುಕಿಯು ಒಳಜ್ವರವೆಂದು ಹೇಳುತ್ತಾಳೆ, ಅದೂ ಅಸತ್ಯವಲ್ಲ. ಅವಳು ಬಳಲಿಕೆಯನ್ನು ಹೇಳುತ್ತಿದ್ದಾಳೆ, ಇವರು ಬಿಸಿಯನ್ನು ಅಳೆಯುತ್ತಿದ್ದಾರೆ. ರೋಗಿ ಹೇಳುವುದಕ್ಕೆ ಒಂದು ಶಬ್ದ, ವೈದ್ಯನು ಕಾಣುವುದಕ್ಕೆ ಇನ್ನೊಂದು ಶಬ್ದ ಎಂದು ಪಾಶ್ಚಾತ್ಯ ವೈದ್ಯವು ಈ ಕಾಲದಲ್ಲಿ ಎರಡನ್ನೂ ಬೇರ್ಪಡಿಸಿತು. ಕನ್ನಡದಲ್ಲಿ ನಾವು ಎರಡನ್ನೂ ‘ಲಕ್ಷಣ’ವೆಂದೇ ಕರೆಯುತ್ತೇವೆ. ಇದು ನಮ್ಮ ಭಾಷೆಯ ಕೊರತೆಯೆನ್ನಬೇಕೇ, ಔದಾರ್ಯವೆನ್ನಬೇಕೇ ಎಂಬುದನ್ನು ವಿದ್ವಾಂಸರು ವಿಚಾರಿಸಲಿ.

ಪ್ರಕೃತಕ್ಕೆ ಬರೋಣ. ಹೃದಯಶೂಲೆಯ ಕಥೆಯಲ್ಲಿ ಮುಂದಿನ ದೊಡ್ಡ ಹೆಜ್ಜೆಯನ್ನು ಇಟ್ಟವರು ಅಮೆರಿಕದ ಶಿಕಾಗೋ ನಗರದ ಜೇಮ್ಸ್ ಹೆರ್ರಿಕ್ಕರು. ಕಿರೀಟ ಧಮನಿಯಲ್ಲಿ ರಕ್ತವು ಹೆಪ್ಪುಗಟ್ಟಿದರೆ ಆ ಕ್ಷಣವೇ ಮರಣವೆಂದು ಅಲ್ಲಿಯವರೆಗಿದ್ದ ನಂಬಿಕೆಯನ್ನು ೧೯೧೨ರಲ್ಲಿ ಅವರು ಮುರಿದರು. ಅಂತಹ ರೋಗಿಯು ಕೆಲವು ಕಾಲ ಬದುಕಿರಬಹುದು, ಬದುಕಿರುವಾಗಲೇ ರೋಗವನ್ನು ಗುರುತಿಸಲೂಬಹುದು ಎಂದು ತೋರಿಸಿಕೊಟ್ಟರು. ಅವರು ವಿವರಿಸಿದ ಒಬ್ಬ ರೋಗಿ ಐವತ್ತೈದು ವರ್ಷದವನು. ಊಟವಾದ ಒಂದು ಗಂಟೆಯ ಮೇಲೆ ಎದೆಯ ಕೆಳಭಾಗದಲ್ಲಿ ಬಲವಾದ ನೋವು ಬಂದಿತು. ತಿಂದದ್ದು ಒಗ್ಗಲಿಲ್ಲವೆಂದು ತಾನೇ ಎಣಿಸಿ, ಅವನು ಬಲವಂತವಾಗಿ ವಾಂತಿ ಮಾಡಿಕೊಂಡನು. ಐವತ್ತೆರಡು ಗಂಟೆಗಳ ಮೇಲೆ ಸತ್ತನು. ಆ ದಿನಗಳಲ್ಲಿ ಹೀಗೆ ಸತ್ತ ಎಷ್ಟೋ ಜನರ ಮರಣಪತ್ರದಲ್ಲಿ ತೀವ್ರ ಅಜೀರ್ಣವೆಂದು ಬರೆಯುತ್ತಿದ್ದರು. ಹಂಟರರು ಹೊಟ್ಟೆಯೆಂದು ಹೇಳಿದ ಮೇಲೆ ನೂರ ಮೂವತ್ತೊಂಬತ್ತು ವರ್ಷಗಳು ಕಳೆದಿದ್ದರೂ ರೋಗಿಯೂ ಹೊಟ್ಟೆಯೆಂದನು, ವೈದ್ಯರೂ ಹೊಟ್ಟೆಯೆಂದು ಬರೆದರು.

ಇಲ್ಲಿ ನಮ್ಮ ನಾಡಿನ ಮಾತೊಂದನ್ನು ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಹೃದಯದ ಆಘಾತಕ್ಕೆ ಒಳಗಾದ ಕನ್ನಡಿಗನು ‘ಎದೆನೋವು’ ಎಂಬ ಮಾತನ್ನು ಅನೇಕ ವೇಳೆ ಆಡುವುದೇ ಇಲ್ಲ. ‘ಎದೆ ಹಿಡಿದ ಹಾಗಿದೆ’, ‘ಎದೆ ಭಾರ’, ‘ಎದೆಯ ಮೇಲೆ ಏನೋ ಕೂತ ಹಾಗೆ’, ‘ಸಂಕಟ’, ‘ಉಸಿರು ಕಟ್ಟುತ್ತದೆ’ ಎನ್ನುತ್ತಾನೆ. ಧಾರವಾಡದ ಕಡೆಯವರಾದರೆ ‘ಎದಿ ಹಿಡದಂಗ ಆಗೇತಿ’ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ನೋವೆಂದರೆ ಗಾಯದ ನೋವು, ಹಲ್ಲಿನ ನೋವು, ಹೆರಿಗೆಯ ನೋವು. ಹಿಡಿತವು ನೋವಲ್ಲ, ಭಾರವೂ ನೋವಲ್ಲ. ಸಂಕಟವಂತೂ ದೇಹಕ್ಕೂ ಮನಸ್ಸಿಗೂ ಸಮಾನವಾಗಿ ಸೇರಿದ ಪದ. ವೈದ್ಯನು ಕೇಳುವ ಪ್ರಶ್ನೆ ಮಾತ್ರ ಒಂದೇ: ‘ಎದೆನೋವು ಇದೆಯೇ?’ ‘ನೋವೇನೂ ಇಲ್ಲ, ಸ್ವಾಮಿ’ ಎಂದು ಉತ್ತರ. ಆಸ್ಪತ್ರೆಯ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ರೋಗಿಯು ಎದೆನೋವನ್ನು ‘ನಿರಾಕರಿಸುತ್ತಾನೆ’ ಎಂದು ಬೀಳುತ್ತದೆ. ಇದು ಆ ವೃತ್ತಿಯ ರೂಢಿಯ ಮಾತು. ನ್ಯಾಯಸ್ಥಾನದಲ್ಲಿ ಆರೋಪಿಯು ಮಾಡುವ ಕೆಲಸವನ್ನು ಪಾಪ, ಆ ಮುದುಕನು ಯಾವಾಗ ಮಾಡಿದನೋ!

ಇದಲ್ಲದೆ ನಮ್ಮಲ್ಲಿ ಹಿರಿಯರು ಒಬ್ಬರೇ ವೈದ್ಯರ ಬಳಿಗೆ ಹೋಗುವುದು ಅಪರೂಪ. ಮಗನೋ ಸೊಸೆಯೋ ಮೊಮ್ಮಗನೋ ಜೊತೆಗಿರುತ್ತಾರೆ. ಕೇಳಿದ ಪ್ರಶ್ನೆಗೆ ಉತ್ತರ ಹೇಳುವವರೂ ಅವರೇ. ‘ನಮ್ಮ ತಂದೆಯವರಿಗೆ ಗ್ಯಾಸ್, ಡಾಕ್ಟರೇ’ ಎಂದು ಮಗನು ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ತಂದೆಯು ಮನೆಯಲ್ಲಿ ಹೇಳಿದ್ದೇನು? ಮೆಟ್ಟಲು ಹತ್ತಿದರೆ ಎದೆ ಬಿಗಿಯುತ್ತದೆ, ಎರಡು ನಿಮಿಷ ಕೂತು ತೇಗು ಬಂದರೆ ಹಗುರವಾಗುತ್ತದೆ ಎಂದು. ಹೆಬರ್ಡೆನ್ನರು ಈ ಮಾತನ್ನು ಕೇಳಿದ್ದರೆ ತೇಗನ್ನು ಬಿಟ್ಟು ಮೆಟ್ಟಲನ್ನು ಹಿಡಿದುಕೊಳ್ಳುತ್ತಿದ್ದರು. ನಡುವಿನವನು ಮೆಟ್ಟಲನ್ನು ಬಿಟ್ಟು ತೇಗನ್ನು ಉಳಿಸಿಕೊಂಡನು. ಬಾಸ್ಟನ್ ನಗರದ ಸ್ಯಾಮ್ಯುಯಲ್ ಲೆವೈನ್ ಎಂಬ ಹೃದ್ರೋಗತಜ್ಞರು ಇಂತಹ ರೋಗಿಗಳ ಮಾತಿಗಿಂತ ಕೈಯನ್ನು ಗಮನಿಸಿದರು. ವೇದನೆಯನ್ನು ವರ್ಣಿಸುವಾಗ ಅನೇಕರು ತಮಗೆ ಅರಿವಿಲ್ಲದೆಯೇ ಮುಷ್ಟಿ ಕಟ್ಟಿ ಎದೆಯ ಮೇಲೆ ಇಟ್ಟುಕೊಳ್ಳುತ್ತಾರೆ. ‘ಹಿಡಿದ ಹಾಗಿದೆ’ ಎಂಬುದನ್ನೇ ಆ ಮುಷ್ಟಿಯು ಹೇಳುತ್ತದೆ, ಮತ್ತು ಅದಕ್ಕೆ ಮಗನ ಭಾಷಾಂತರವು ಬೇಕಾಗಿಲ್ಲ. ಈ ಸನ್ನೆಗೆ ವೈದ್ಯರು ಲೆವೈನರ ಹೆಸರನ್ನೇ ಇಟ್ಟಿರುವರು. ಸನ್ನೆಯಿಲ್ಲದ ಮಾತ್ರಕ್ಕೆ ರೋಗವಿಲ್ಲವೆಂದು ಯಾರೂ ತಿಳಿಯಬಾರದು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವೈದ್ಯರು ತಮ್ಮ ಈ ಕಿವುಡನ್ನು ತಾವೇ ಅಳೆಯತೊಡಗಿದರು. ಅದು ಅವರ ವೃತ್ತಿಗೆ ಭೂಷಣವೆಂದೇ ಹೇಳಬೇಕು. ೧೯೭೦ರಲ್ಲಿ ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಬಾಯ್ಲ್ ಎಂಬವರು, ಎದೆಯುರಿ, ಕಾಮಾಲೆ, ಎದೆಬಡಿತ ಮೊದಲಾದ ನಿತ್ಯದ ಶಬ್ದಗಳಿಗೂ ರೋಗಿಗಳು ಕೊಡುವ ಅರ್ಥವು ಒಂದು, ವೈದ್ಯರು ಕೊಡುವ ಅರ್ಥವು ಇನ್ನೊಂದು ಎಂದು ಪ್ರಶ್ನಪತ್ರಿಕೆಯ ಮೂಲಕ ತೋರಿಸಿದರು. ಹೊಟ್ಟೆಯು ಎಲ್ಲಿದೆಯೆಂಬುದರಲ್ಲಿಯೇ ಒಮ್ಮತವಿರಲಿಲ್ಲ! ೧೯೭೫ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಹ್ಯಾಂಪ್ಟನ್ನರೂ ಸಂಗಡಿಗರೂ ಹೊಸದಾಗಿ ಬಂದ ೮೦ ರೋಗಿಗಳ ವಿಷಯದಲ್ಲಿ ರೋಗನಿರ್ಣಯವು ಯಾವ ಹಂತದಲ್ಲಿ ಆಗುವುದೆಂದು ಲೆಕ್ಕವಿಟ್ಟರು. ೬೬ ಜನರಲ್ಲಿ, ಕಳುಹಿಸಿದ ವೈದ್ಯನ ಕಾಗದವನ್ನು ಓದಿ ರೋಗಿಯ ಮಾತನ್ನು ಕೇಳಿದ ಮಾತ್ರಕ್ಕೇ ಸರಿಯಾದ ನಿರ್ಣಯವು ದೊರೆತಿತ್ತು. ಮೈಮುಟ್ಟಿ ನೋಡಿದುದರಿಂದ ೭, ಪ್ರಯೋಗಶಾಲೆಯ ಪರೀಕ್ಷೆಗಳಿಂದ ೭. ಅಂದರೆ ಕಿವಿಯು ಅಂದಿಗೂ ವೈದ್ಯನ ದೊಡ್ಡ ಉಪಕರಣವಾಗಿಯೇ ಇತ್ತು. ಅದನ್ನು ಅವನು ಹೇಗೆ ಬಳಸುತ್ತಿದ್ದನೆಂಬುದನ್ನು ೧೯೮೪ರಲ್ಲಿ ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬವರು ನೋಡಿದರು. ೭೪ ಭೇಟಿಗಳ ಧ್ವನಿಮುದ್ರಣವನ್ನು ಪರಿಶೀಲಿಸಲಾಗಿ, ರೋಗಿಯು ತನ್ನ ಮೊದಲ ಮಾತನ್ನು ಪೂರೈಸಿದುದು ೧೭ರಲ್ಲಿ ಮಾತ್ರ. ೫೧ರಲ್ಲಿ ವೈದ್ಯನು ನಡುವೆ ಬಾಯಿ ಹಾಕಿದ್ದನು, ಅದೂ ಸರಾಸರಿ ೧೮ ಸೆಕೆಂಡುಗಳೊಳಗಾಗಿ. ಪಡಸಾಲೆಗೆ ಬಂದ ನೆಂಟರಿಗೆ ನಾವು ಇದಕ್ಕಿಂತ ಹೆಚ್ಚು ಅವಕಾಶವನ್ನು ಕೊಡುತ್ತೇವೆ.

ಕೆನಡಾದ ಮಾಂಟ್ರಿಯಲ್ ನಗರದ ರೊನಾಲ್ಡ್ ಮೆಲ್ಜ್ಯಾಕ್ ಎಂಬ ಮನಶ್ಶಾಸ್ತ್ರಜ್ಞರ ಕೆಲಸವು ಬೇರೆ ರೀತಿಯದು. ಕತ್ತರಿಸಿ ತೆಗೆದಿದ್ದ ಕಾಲಿನಲ್ಲಿ ನೋವನ್ನು ಅನುಭವಿಸುತ್ತಿದ್ದ ವೃದ್ಧೆಯೊಬ್ಬಳು ಅದನ್ನು ವರ್ಣಿಸುತ್ತಿದ್ದ ಮಾತುಗಳ ಸೊಗಸಿಗೆ ಮನಸೋತು ಅವರು ನೋವಿನ ಶಬ್ದಗಳನ್ನು ಸಂಗ್ರಹಿಸತೊಡಗಿದರು. ನಮ್ಮ ಕೋಶಕಾರರು ಹಳ್ಳಿಯ ಶಬ್ದಗಳನ್ನು ಕೂಡಿಹಾಕುವಂತೆ ಅವರು ನೋವಿನ ಕೋಶವನ್ನು ಕಟ್ಟಿದರು. ೧೯೭೫ರಲ್ಲಿ ೭೮ ಶಬ್ದಗಳನ್ನು ೨೦ ಗುಂಪುಗಳಾಗಿ ಜೋಡಿಸಿದ ಪ್ರಶ್ನಪತ್ರಿಕೆಯಾಗಿ ಅದು ಪ್ರಕಟವಾಯಿತು. ಮಿಡಿಯುವುದು, ಇರಿಯುವುದು, ಸುಡುವುದು, ಹಿಂಡುವುದು ಇವೆಲ್ಲವೂ ಅಲ್ಲಿ ಉಂಟು. ತೋದ ಭೇದ ದಾಹಗಳ ಪಟ್ಟಿಯನ್ನು ಮೆಲ್ಜ್ಯಾಕರು ಓದಿದ್ದರೆ ಸಂತೋಷಪಡುತ್ತಿದ್ದರೆಂದು ತೋರುತ್ತದೆ.

ಈ ಅಂತರದಿಂದ ಪ್ರಾಣಕ್ಕೆ ಏನು ಬೆಲೆ ಎಂಬುದಕ್ಕೆ ನೇರವಾದ ಉತ್ತರವು ಬಂದುದು ಕ್ಯಾನ್ಸರ್ ಚಿಕಿತ್ಸೆಯಿಂದ. ಔಷಧಗಳಿಂದುಂಟಾಗುವ ಓಕರಿಕೆ, ಬಳಲಿಕೆ, ನೋವುಗಳನ್ನು ರೋಗಿಗಳು ಹೇಳಿದುದಕ್ಕಿಂತ ಕಡಿಮೆಯಾಗಿ ವೈದ್ಯರು ಬರೆದುಕೊಳ್ಳುತ್ತಾರೆಂದು ಈಥನ್ ಬಾಷ್ ಎಂಬ ಅಮೆರಿಕದ ವೈದ್ಯರು ಕಂಡರು. ನ್ಯೂಯಾರ್ಕಿನ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಅವರ ನೇತೃತ್ವದಲ್ಲಿ ೭೬೬ ರೋಗಿಗಳನ್ನು ಎರಡು ಪಂಗಡವಾಗಿ ಮಾಡಿದರು. ಒಂದು ಪಂಗಡಕ್ಕೆ ರೂಢಿಯ ಚಿಕಿತ್ಸೆ. ಇನ್ನೊಂದು ಪಂಗಡದವರು ಹನ್ನೆರಡು ಬಾಧೆಗಳ ಪಟ್ಟಿಯ ಮೇಲೆ ತಮ್ಮ ಸ್ಥಿತಿಯನ್ನು ಕಂಪ್ಯೂಟರಿನ ಮೂಲಕ ತಾವೇ ತಿಳಿಸುವರು, ಬಾಧೆ ಹೆಚ್ಚಿದರೆ ದಾದಿಗೆ ಸೂಚನೆ ಹೋಗುವುದು. ೨೦೧೭ರಲ್ಲಿ ಪ್ರಕಟವಾದ ಫಲಿತಾಂಶದಂತೆ, ರೂಢಿಯ ಪಂಗಡದವರ ಮಧ್ಯಮಾನ ಆಯುಸ್ಸು ೨೬.೦ ತಿಂಗಳು, ತಮ್ಮ ಬಾಧೆಯನ್ನು ತಾವೇ ಹೇಳಿಕೊಂಡವರದು ೩೧.೨ ತಿಂಗಳು. ಹೊಸ ಔಷಧವೇನೂ ಇಲ್ಲ, ಹೇಳಿದುದು ಹೇಳಿದ ಹಾಗೆ ಮುಟ್ಟಿತು, ಅಷ್ಟೆ.

ಹೆಬರ್ಡೆನ್ನರ ರೋಗದ ಒಂದು ಮಾತು ಉಳಿದಿದೆ. ತಾವು ಕಂಡ ಸುಮಾರು ನೂರು ರೋಗಿಗಳಲ್ಲಿ ಹೆಂಗಸರು ಮೂವರೇ ಎಂದು ಅವರು ಬರೆದಿಟ್ಟಿದ್ದರು; ಅವರ ಮರಣಾನಂತರ ೧೮೦೨ರಲ್ಲಿ ಮಗನು ಅಚ್ಚು ಹಾಕಿಸಿದ ಗ್ರಂಥದಲ್ಲಿ ಈ ಸಂಖ್ಯೆಯಿದೆ. ಇದು ಗಂಡಸರ ರೋಗವೆಂಬ ಭಾವನೆಯು ಅಲ್ಲಿಂದ ಬಹುಕಾಲ ನಿಂತಿತು. ಗಂಡಸರು ಹೇಳಿದ ಲಕ್ಷಣವೇ ಮಾದರಿಯಾಯಿತು. ಹೆಂಗಸರಲ್ಲಿ ಎದೆಯ ವೇದನೆಯೊಡನೆ ಹೆಚ್ಚಾಗಿ ಕಾಣುವ ಆಯಾಸ, ಉಸಿರಿನ ಕಷ್ಟ, ಬೆನ್ನು ದವಡೆಗಳ ಸೆಳೆತ, ಓಕರಿಕೆಗಳು ‘ಮಾದರಿಗೆ ಸೇರದವು’ ಎಂದು ಬೇರೆ ಹೆಸರನ್ನು ಪಡೆದುವು. ಹಾಗೆ ಹೆಸರು ಬಿದ್ದ ಮೇಲೆ ಎಷ್ಟು ಮನೆಗಳಲ್ಲಿ ತಾಯಂದಿರ ಸುಸ್ತಿಗೆ ಬರಿಯ ಶಕ್ತಿಯ ಟಾನಿಕ್ಕು ಬಂದಿರಬಹುದೆಂದು ವಾಚಕರೇ ಊಹಿಸಿಕೊಳ್ಳಬಹುದು. ೨೦೨೧ರಲ್ಲಿ ಅಮೆರಿಕದ ಹೃದ್ರೋಗ ಸಂಘಗಳು ಎದೆನೋವಿನ ವಿಚಾರವಾಗಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಮಾದರಿಗೆ ಸೇರದ ಎದೆನೋವು ಎಂಬ ಮಾತನ್ನು ಇನ್ನು ಬಳಸಬಾರದೆಂದು ತಿಳಿಸಲಾಯಿತು. ನೋವೆಂಬ ಶಬ್ದದ ಎಲ್ಲೆಯನ್ನೂ ಅಲ್ಲಿ ವಿಸ್ತರಿಸಿದರು: ಎದೆಯ ಒತ್ತಡ, ಬಿಗಿತ, ಹಿಡಿತ, ಭುಜ, ತೋಳು, ಕುತ್ತಿಗೆ, ಬೆನ್ನು, ದವಡೆ, ಮೇಲುಹೊಟ್ಟೆಗಳಲ್ಲಿ ಆಗುವ ಅಸೌಖ್ಯ, ಉಸಿರಿನ ಕಷ್ಟ, ಆಯಾಸ. ಮೊಣಕೈಗಿಂತ ಸ್ವಲ್ಪ ಮೇಲೆ ಮೊದಲಾಗುತ್ತದೆಂದು ೧೭೭೨ರಲ್ಲಿ ಬರೆದ ಆ ಅಜ್ಞಾತನ ತೋಳೂ, ಹಂಟರರ ಮೇಲುಹೊಟ್ಟೆಯೂ ಈ ಪಟ್ಟಿಯಲ್ಲಿ ಸೇರಿವೆ.